ಗೋವಾದಾಗ ಬೀಚ್ ಬಿಟ್ಟು ಒಂದಿನ: ಉಪ್ಪು, ಗೋಡಂಬಿ, ಪಾವ್ ಆಗೋದು ನೋಡಿ ಬರೋದು ಹ್ಯಾಂಗ

ಊರಿಂದ ನೆಂಟ್ರು ಬಂದ್ರಂದ್ರ ವಾಸ್ಕೋದಾಗಿರೋ ನಮ್ಮ ಮಂದಿ ಎಲ್ಲಾರೂ ಮಾಡೋದು ಒಂದ, ಬೋಗ್ಮಾಳೋ ಬೀಚು, ಓಲ್ಡ್ ಗೋವಾ ಚರ್ಚು, ಮಿರಾಮಾರ್ ದಾಗ ಐಸ್ಕ್ರೀಮು, ಮುಗೀತು. ಮಾರ್ಚ್ ಏಪ್ರಿಲ್ ದಾಗ ಬಂದ್ರ ಮಾತ್ರ ಹಿಂಗ ಮಾಡ್ಬ್ಯಾಡ್ರಿ, ಯಾಕಂದ್ರ ಉಪ್ಪಿನ ಅಗರ, ಗೇರುಹಣ್ಣಿನ ಸಾರಾಯಿ ಇಳಿಸೋ ಭಟ್ಟಿ ಎರಡೂ ಕೆಲ್ಸದಾಗ ಇರೋದು ಆವಾಗ. ಮಳಿ ಬಿತ್ತಂದ್ರ ಅಗರದಾಗ ಬರೀ ನೀರು, ಭಟ್ಟಿ ಬಂದ್.

ಪ್ಲ್ಯಾನ್ ಮಾಡೋಮುಂದ ಜಾಗದ ಲಿಸ್ಟ್ ಬರೀಬ್ಯಾಡ್ರಿ, ಯಾವ ಕೆಲ್ಸ ಎಷ್ಟೊತ್ತಿಗೆ ನಡೀತೈತಿ ಅಂತ ಬರೀರಿ. ಉಪ್ಪು ಎಳ್ಯೋರು ಬಿಸಿಲೇರೋಕಿಂತ ಮೊದ್ಲ ಇಳೀತಾರ, ಗೋಡಂಬಿ ಫ್ಯಾಕ್ಟರಿ ಅಂದ್ರ ಡ್ಯೂಟಿ ಟೈಮು, ಭಟ್ಟಿಗೆ ಮಧ್ಯಾಹ್ನ ನಡೀತೈತಿ, ಪಾವ್ ಸುಡೋದು ಸಂಜೀಮುಂದ. ಇದನ್ನ ಬಿಟ್ಟು ಮ್ಯಾಪ್ ನೋಡಿ ಹತ್ರ ಇದ್ದದ್ದು ಮೊದ್ಲು ಅಂತ ಹೊಂಟ್ರ ಎಲ್ಲಾ ಕಡೆ ಖಾಲಿ ಶೆಡ್ ನೋಡಿ ಬರ್ತೀರಿ ಅಷ್ಟ. ಶನಿವಾರ ಚಲೋ, ಸಂಡೇ ಫ್ಯಾಕ್ಟರಿ ಬಂದ್ ಇರ್ತಾವ, ಗುಡ್ ಫ್ರೈಡೇ ಅಂತೂ ಬ್ಯಾಡ ಬ್ಯಾಡ.

ಬೆಳಿಗ್ಗೆ ಆರೂವರೆಗೆ ವಾಸ್ಕೋ ಬಿಡ್ರಿ. ಕೊರ್ಟಾಲಿಂ ಮ್ಯಾಲಿಂದ ಜುವಾರಿ ಹೊಸ ಬ್ರಿಜ್ ದಾಟಿದ್ರ ಅಗಶಿ ಬರ್ತೈತಿ. ಅಲ್ಲಿ ದಪ್ಪನ ಬದನೆಕಾಯಿ ಫೇಮಸ್ಸು, ನಮ್ಮ ಎಣ್ಣಿಗಾಯಿಗೆ ಆಗಂಗಿಲ್ಲ ಬಿಡ್ರಿ, ಸುಟ್ಟು ಗೊಜ್ಜು ಮಾಡಾಕ ಮಾತ್ರ ಅದರಂಥದ್ದು ಇಲ್ಲ, ಬುಟ್ಟಿ ಕಂಡ್ರ ತಗೊಂಡ್ಬಿಡ್ರಿ. ಮುಂದ ಗೋವಾ ವೆಲ್ಹಾ ಹತ್ರ ಬಾತಿಂ ಕಡೆ ಒಳಗ ಹೊಳ್ಳಿದ್ರ ಅಗರ ಸಿಗ್ತಾವ. ಕೊಂಕಣ್ಯಾಗ ಮೀಠಾಗರ ಅಂತ ಕೇಳ್ರಿ, ತೋರಿಸ್ತಾರ.

ಅಗರದಾಗ ಮಕ್ಕಳಿಗೆ ತೋರ್ಸೋದು ಭಾಳ ಐತಿ. ಭರತ ಬಂದಾಗ ತೂಬಿನ ಬಾಗ್ಲಾ ತಗದು ಖಾರಿ ನೀರು ಒಳಗ ಬಿಟ್ಕೋತಾರ, ಆ ನೀರು ಒಂದ್ ಮಡಿಯಿಂದ ಇನ್ನೊಂದ್ ಮಡಿಗೆ ಹೋಗ್ತಾ ಹೋಗ್ತಾ ಬಿಸಿಲಿಗೆ ಗಟ್ಟಿ ಆಗ್ತೈತಿ, ಕಡೀ ಸಣ್ಣ ಮಡಿಗೆ ಬಂದ್ಮ್ಯಾಲೆ ಹರಳು ಕಟ್ಟೋದು. ನೆಲ ಪೂರಾ ಜೇಡಿ, ಸೀಸನ್ ಶುರು ಆಗೋಮುಂದ ಕಾಲಾಗ ತುಳಿದು ತುಳಿದು ಸಾಪಾಟ ಮಾಡಿರ್ತಾರ, ಇಲ್ಲಾಂದ್ರ ಉಪ್ಪಿನ ಜೊತಿ ಮಣ್ಣು ಎದ್ದು ಬರ್ತೈತಿ. ಒಂದ್ ಲೀಟರ್ ಸಮುದ್ರದ ನೀರಾಗ ಹತ್ತತ್ರ 35 ಗ್ರಾಂ ಉಪ್ಪಿನಂಶ ಇರ್ತೈತಿ, ಹಂಗಾರ ಒಂದ್ ಗುಡ್ಡಿ ಉಪ್ಪಿಗೆ ಎಷ್ಟು ನೀರು ಆರ್ಬೇಕು ಅಂತ ಲೆಕ್ಕ ಮಕ್ಕಳಿಗ ಬಿಡ್ರಿ, ಅರ್ಧಾ ತಾಸು ಸುಮ್ನಿರ್ತಾರ. ಗೋಕರ್ಣದ ಹತ್ರ ಸಾಣಿಕಟ್ಟಾ ನೋಡಿದವ್ರಿಗೆ ಇದೆಲ್ಲಾ ಹೊಸದಲ್ಲ, ಆದ್ರ ವಿಜಯಪುರ ಗದಗ ಕಡೆಯಿಂದ ಬಂದವ್ರು ಬಾಯಿ ತಕ್ಕೊಂಡು ನೋಡ್ತಾರ.

ಬದುವಿನ ಮ್ಯಾಲೆ ಒಬ್ಬೊಬ್ರ ನಡೀರಿ, ಜಾರ್ತೈತಿ. ಮಡ್ಯಾಗ ಕಾಲಿಡಬ್ಯಾಡ್ರಿ, ಅವ್ರ ದಿನದ ಕೂಲಿ ಅದು. ಫೋಟೋ ಕೇಳಿ ತಗೀರಿ, ಹೋಗೋಮುಂದ ಒಂದ್ ಐದ್ ಕೇಜಿ ಉಪ್ಪು ಕೊಳ್ರಿ, ಉಪ್ಪಿನಕಾಯಿಗೆ ಹರಳುಪ್ಪು ಬೇಕ ಬೇಕಲ್ಲ.

ಅಲ್ಲಿಂದ ಓಲ್ಡ್ ಗೋವಾ ಮ್ಯಾಲಿಂದ ಪೋಂಡಾ ರೋಡು. ಅಜ್ಜಿ ಅಥವಾ ಅತ್ತಿ ಜೊತಿಗಿದ್ರ ಮಂಗೇಶಿ ಗುಡಿ ದಾರ್ಯಾಗ ಬರ್ತೈತಿ, ಅಲ್ಲೇ ಕೈಮುಗಿಸಿ ಬಿಟ್ರ ಉಳಿದ ದಿನ ಅವ್ರು ತಕರಾರು ಮಾಡಂಗಿಲ್ಲ. ಗುರುವಾರ ಹೋದ್ರ ಬನಸ್ತಾರಿಂ ಸಂತಿ ಇರ್ತೈತಿ, ಟೈಮ್ ಇಟ್ಕೋರಿ.

ಗೋಡಂಬಿ ಫ್ಯಾಕ್ಟರಿಗೆ ಮಾತ್ರ ಹಿಂದಿನ ದಿನ ಫೋನ್ ಮಾಡಿ ಪರ್ಮಿಶನ್ ತಗೋರಿ. ದೊಡ್ಡ ಕಂಪನಿ ಹಿಂದ ಬೀಳಬ್ಯಾಡ್ರಿ, ಗೇಟ್ ಮುಂದ ರಜಿಸ್ಟರ್ ಪಾಸು ಅಂತ ತಾಸುಗಟ್ಲೆ ಹೋಗ್ತೈತಿ. ಪೋಂಡಾ ಕಡೆ ಸಣ್ಣ ಯೂನಿಟ್, ಮುಂದ ಅಂಗಡಿ ಹಿಂದ ಕೆಲ್ಸ ಇರೋ ಕಡೆ ಮಾಲಕ್ರ ಬಂದು ತೋರಿಸ್ತಾರ. ಹಸಿ ಬೀಜ ಹಬೆ ಮ್ಯಾಲೆ ಬೇಯಿಸಿ ಆರಿಸಿ, ಒಂದೊಂದ ಬೀಜ ಕಟರ್ ನಾಗಿಟ್ಟು ಕಾಲಾಗ ಒತ್ತಿ ಸಿಪ್ಪಿ ಒಡೀತಾರ, ಆಮ್ಯಾಲೆ ಬೋರ್ಮಾದಾಗ, ಅಂದ್ರ ಬಿಸಿ ಗಾಳಿ ಒಲ್ಯಾಗ, ಒಣಗಿಸಿ ಕೆಂಪು ಸಿಪ್ಪಿ ಬಿಡಿಸಿ ಆರಿಸೋದು, ಈ ಕಡೀ ಕೆಲ್ಸ ಹೆಚ್ಚಾಗಿ ಹೆಣ್ಮಕ್ಳದ್ದ. ಹಸಿ ಸಿಪ್ಪ್ಯಾಗಿನ ಎಣ್ಣಿ ಚರ್ಮ ಸುಡ್ತೈತಿ, ಹುಡುಗ್ರ ಕೈ ಹಿಡ್ಕೊಂಡಿರ್ರಿ.

ಅಂಗಡ್ಯಾಗ ಕೊಳ್ಳೋಮುಂದ ಗ್ರೇಡ್ ನೋಡ್ರಿ. ಡಬ್ಲ್ಯೂ 180, 240, 320 ಅಂತ ಇರ್ತಾವ, ಅಂದ್ರ ಒಂದ್ ಪೌಂಡಿಗೆ, ಅಂದಾಜು 454 ಗ್ರಾಮಿಗೆ, ಅಷ್ಟು ಇಡೀ ಬೀಜ ಅಂತ. ನಂಬರ್ ಸಣ್ಣದಾದಷ್ಟು ಬೀಜ ದೊಡ್ಡದು, ರೇಟ್ ಜಾಸ್ತಿ. ಊರಿಗೆ ಕೊಡಾಕ 240 ತಗೋರಿ, ಪಾಯಸ ಉಪ್ಪಿಟ್ಟಿಗೆ ತುಂಡು ಸಾಕು, ರುಚಿ ಅದ ಇರ್ತೈತಿ.

ಊಟ ಪೋಂಡಾದಾಗ ಮುಗ್ಸಿ, ಇಲ್ಲಾ ಕಟಕ ರೊಟ್ಟಿ ಶೇಂಗಾ ಚಟ್ನಿ ಮೊಸರು ಕಟ್ಕೊಂಡು ಬಂದಿದ್ರ ನೆಳ್ಳಾಗ ಕುಂತು ತಿಂದು, ಉಸಗಾಂವ್ ದಾಟಿ ವಾಳಪೈ ಕಡೆ ಹೋಗ್ರಿ. ಸತ್ತರಿ ತಾಲೂಕು, ಗೇರು ತ್ವಾಟ ಭಾಳ. ಪ್ಯಾಟ್ಯಾಗ ಯಾವ್ದಾರ ಕಿರಾಣಿ ಅಂಗಡ್ಯಾಗ "ಭಟ್ಟಿ ಖಂಯ್ ಆಸಾ?" (ಭಟ್ಟಿ ಎಲ್ಲೈತಿ?) ಅಂತ ಕೇಳ್ರಿ, ಹತ್ರ ಹೋದಂಗ ಮೂಗ ದಾರಿ ತೋರಿಸ್ತೈತಿ.

ಗಿಡದಾಗಿನ ಹಣ್ಣು ಕೀಳಂಗಿಲ್ಲ, ಮಾಗಿ ತಾನಾಗೆ ಬಿದ್ದದ್ದನ್ನ ಆರಿಸಿ ತರ್ತಾರ. ಬೀಜ ಬ್ಯಾರೆ ಮಾಡಿ ಹಣ್ಣನ್ನ ಕಲ್ಲಿನ ಕೊಳಂಬಿಯೊಳಗ, ಅಂದ್ರ ತೊಟ್ಟ್ಯಾಗ, ತುಳೀತಾರ, ಈಗೀಗ ಮಷೀನೂ ಬಂದಾವ. ತುಳಿದು ಉಳಿದ ಹಿಂಡಿ ಮ್ಯಾಲೆ ಭಾರ ಇಟ್ರ ಸೋರಿ ಬರೋ ತಿಳಿ ರಸಕ್ಕ "ನೀರೊ" ಅಂತಾರ, ಇದ್ರಾಗ ನಶಾ ಇಲ್ಲ, ಮಕ್ಕಳಿಗೂ ನಡೀತೈತಿ, ಆದ್ರ ತಾಜಾ ಇದ್ದಾಗ ಅಲ್ಲೇ ಕುಡೀಬೇಕು, ಇಟ್ರ ಹುಳಿ ಬರ್ತೈತಿ. ತುಳಿದ ರಸ ಕೊಳೆಸಿ ಮೊದಲ ಸಲ ಭಟ್ಟಿ ಇಳಿಸಿದ್ರ ಉರ್ರಾಕ್, ಅದನ್ನ ಮತ್ತೊಮ್ಮೆ ಇಳಿಸಿದ್ರ ಫೆನಿ, ಸುಮಾರು 42 ಪರ್ಸೆಂಟ್ ಆಲ್ಕೋಹಾಲು. ಗೇರು ಗಿಡ ಪೋರ್ಚುಗೀಸರು ಬ್ರೆಜಿಲ್ ನಿಂದ ತಂದದ್ದು, ಫೆನಿಗೆ 2009ರಾಗ ಜಿಐ ಟ್ಯಾಗ್, ಅಂದ್ರ ಇದು ಈ ಊರಿಂದ ಅನ್ನೋ ಸರ್ಕಾರಿ ಗುರ್ತು, ಸಿಕ್ಕೈತಿ. ಮಾವನವ್ರು ರುಚಿ ನೋಡ್ಲಿ, ಸ್ಟೇರಿಂಗ್ ಹಿಡಿದವ್ರು ಮೂಸಿ ನೋಡಿದ್ರ ಸಾಕು. ಚೋರ್ಲಾ, ಅನಮೋಡ ಘಾಟ್ ದಾಟಿ ಊರಿಗೆ ಬಾಟ್ಲಿ ಒಯ್ಯೋ ಆಸೆ ಇದ್ರ ಪರ್ಮಿಟ್ ಮಾಡ್ಸ್ರಿ, ಇಲ್ಲಾ ಆಸೆ ಬಿಡ್ರಿ, ಚೆಕ್‌ಪೋಸ್ಟ್‌ನಾಗ ಹಿರಿಯರ ಮುಂದ ಡಿಕ್ಕಿ ತಗ್ಯೋದು ಚಂದ ಕಾಣಂಗಿಲ್ಲ.

ವಾಪಸ್ ಬರೋಮುಂದ ಪೋಂಡಾದಿಂದ ಬೋರಿಂ ಬ್ರಿಜ್ ಮ್ಯಾಲಿಂದ ಸಾಲ್ಸೆಟ್ ಕಡೆ ಇಳೀರಿ, ಒಟ್ಟು ಸುತ್ತು 150 ಕಿಲೋಮೀಟರ್ ಆಸುಪಾಸು. ಸಂಜೀಮುಂದ ಹಳ್ಳಿ ಬೇಕರ್ಯಾಗ ಕಟ್ಟಿಗಿ ಉರಿ ಹಾಕಿದ ಒಲಿ ತಯಾರಿರ್ತೈತಿ, ಪೊದೇರ್, ಅಂದ್ರ ಪಾವ್ ಸುಡೋ ಬೇಕರಿಯವ, ಉದ್ದನ ಹಲಗಿ ಮ್ಯಾಲೆ ಪಾವ್ ಸಾಲಾಗಿಟ್ಟು ಒಳಗ ತಳ್ತಾನ. ಒಲಿ ಬಾಯಿ ಎದುರ ನಿಲ್ಲಬ್ಯಾಡ್ರಿ, ಅವ್ರಿಗೆ ಕೈ ಆಡ್ಸಾಕ ಜಾಗ ಬೇಕು. ಬಳಿಯಂಗಿರೋ ಕಾಂಕಣ ಬ್ರೆಡ್ ಹುಡುಗ್ರಿಗೆ ಕೊಡಿಸ್ರಿ, ಪೋಯಿ ಅನ್ನೋ ಬ್ರೆಡ್ ಮನಿಗೆ ತಗೋರಿ, ಮ್ಯಾಲೆ ತೌಡು ಇರ್ತೈತಿ, ನಮ್ಮ ಖಾರಾ ಪಲ್ಯಕ್ಕ ಪಾವಿಗಿಂತ ಇದ ಚಲೋ. ಬಿಸಿ ಇದ್ದಾಗ ಪ್ಲಾಸ್ಟಿಕ್ ಚೀಲದಾಗ ಕಟ್ಟಿದ್ರ ಬೆವತು ಮೆತ್ತಗಾಗ್ತೈತಿ, ಮನಿಯಿಂದ ಒಂದ್ ಬಟ್ಟಿ ಚೀಲ ಒಯ್ಯೋದು ಮರೀಬ್ಯಾಡ್ರಿ.