ಸೊಸೈಟಿ ತಕ್ಕಡಿ, ರಾತ್ರಿ ಎಂಟರ ಫೋನು: ಅನ್ನನಾಳದ ಆಪರೇಷನ್ ಆದೋರ ಬೆನ್ನು ಹತ್ತಿದ ನನ್ನ ಅನುಭವ

ಹೋದ ತಿಂಗಳು ನಮ್ಮ ಸ್ಟಡಿದು ಡೇಟಾ ಲಾಕ್ ಮಾಡಿದ್ವಿ, ಅಂದ್ರೆ ಇನ್ನು ಏನೂ ಸೇರಿಸಂಗಿಲ್ಲ ಅಂತ ಲೆಕ್ಕ ಮುಚ್ಚಿದ್ವಿ. ಅನ್ನನಾಳದ್ದು, ಜಠರದ್ದು ಎಲ್ಲಾ ಸೇರಿ ಕ್ಯಾನ್ಸರ್ ಆಪರೇಷನ್ ಆದ 46 ಜನ, ಅದ್ರಲ್ಲಿ 43 ಜನ ಒಂದು ವರ್ಷಕ್ಕೆ ಇದಾರೋ ಇಲ್ವೋ, ಇದ್ರೆ ಏನ್ ತಿಂತಾರೆ, ಎಷ್ಟು ತೂಗ್ತಾರೆ ಅನ್ನೋದು ನನ್ನ ಹತ್ರ ಬರೆದಿಟ್ಟಿದೆ. ದಾವಣಗೆರೆಲಿ ಕೂತು, ಗ್ರಾಂಟ್ ಅಂತ ಒಂದ್ ರೂಪಾಯಿ ಇಲ್ದೆ, ಜಗಳೂರು ಚಳ್ಳಕೆರೆ ಹೊಸದುರ್ಗದ ಪೇಷಂಟ್ಸ್ ಇಟ್ಕೊಂಡು ಮಾಡಿದ್ದು ಇದು, ಸ್ವಲ್ಪ ಜಂಬ ಪಟ್ರೆ ತಪ್ಪಿಲ್ಲ ಅನ್ಕೋತೀನಿ. "ನಮ್ ಕಡೆ ಪೇಷಂಟ್ ಹೊಲಿಗೆ ಬಿಚ್ಚಿಸ್ಕೊಂಡ್ ಹೋದ್ರೆ ಮುಗೀತು, ಮತ್ತೆ ಮುಖ ತೋರ್ಸಲ್ಲ, ಔಟ್‌ಕಮ್ ಸ್ಟಡಿ ಎಲ್ಲಾ ಬೆಂಗಳೂರಿನೋರಿಗೆ ಬಿಡಪ್ಪಾ" ಅಂತ ನನ್ನ ಸೀನಿಯರ್ ಒಬ್ರು ಕ್ಯಾಂಟೀನಲ್ಲಿ ಎಲ್ಲರ ಎದುರಿಗೆ ಅಂದಿದ್ರು. ಈಗ ಅವರೇ ಪ್ರೋಟೋಕಾಲ್ ಫೈಲ್ ಕೇಳಿದಾರೆ. ಕೊಟ್ಟಿದೀನಿ, ಎರಡು ಪೇಜ್ ತೆಗೆದು.

ಶುರು ಆಗಿದ್ದು ಒಂದು ಅವಮಾನದಿಂದ. ಒಂದ್ಸಲ ಮೀಟಿಂಗಲ್ಲಿ ನಮ್ಮ ಈಸೋಫೆಜೆಕ್ಟಮಿ (ಅನ್ನನಾಳ ತೆಗೆಯೋ ಆಪರೇಷನ್) ಸೀರೀಸ್ ಪ್ರೆಸೆಂಟ್ ಮಾಡ್ದೆ, 20 ಕೇಸು, ಹೆಚ್ಚಿನವು ಎದೆ, ಹೊಟ್ಟೆ, ಕುತ್ತಿಗೆ ಮೂರೂ ಕಡೆ ಕುಯ್ಯೋ ಮೆಕ್‌ಕ್ಯೂನ್, 30 ದಿನದೊಳಗಿನ ಸಾವು (ಮಾರ್ಟಾಲಿಟಿ) ಸೊನ್ನೆ. ಚಪ್ಪಾಳೆನೂ ಬಿತ್ತು. ಹಿಂದಿನ ಸಾಲಿಂದ ಒಬ್ರು "90 ದಿನದ್ದು ಎಷ್ಟು ಸಾರ್" ಅಂದ್ರು. ನನ್ನ ಹತ್ರ ಉತ್ತರ ಇರ್ಲಿಲ್ಲ, 'ಆಲ್ ಡೂಯಿಂಗ್ ವೆಲ್' ಅಂತ ಏನೋ ಗೊಣಗಿ ಕೆಳಗಿಳಿದೆ. ವಾಪಸ್ ಬಂದು ಹುಡುಕ್ಸಿದ್ರೆ 20 ಜನರಲ್ಲಿ 8 ಜನರದ್ದು ಮಾತ್ರ ಸುದ್ದಿ ಸಿಕ್ತು, ಆ 8ರಲ್ಲಿ ಇಬ್ರು ಮನೆಗೆ ಹೋದ್ಮೇಲೆ ಆರನೇ ವಾರ ಒಬ್ರು, ಒಂಬತ್ತನೇ ವಾರ ಒಬ್ರು ತೀರ್ಕೊಂಡಿದ್ರು. ನಾನು ಸ್ಟೇಜ್ ಮೇಲೆ ಸೊನ್ನೆ ಅಂತ ಹೇಳೋ ಹೊತ್ತಿಗೆ ಅವರ ತಿಥಿನೂ ಮುಗಿದಿತ್ತು. ಈಸೋಫೆಜೆಕ್ಟಮಿ ಕಾಂಪ್ಲಿಕೇಷನ್ಸ್‌ಗೆ 2015ರಲ್ಲಿ ಒಂದೇ ತರ ಡೆಫಿನಿಷನ್ ಮಾಡಿದಾಗ್ಲೇ 30ರ ಜೊತೆ 90 ದಿನದ್ದೂ ಕೊಡಿ ಅಂದಿದಾರೆ, ಓದಿದ್ದೆ, ಪಾಲಿಸಿರ್ಲಿಲ್ಲ ಅಷ್ಟೆ. ನಾವೆಲ್ಲ ಟ್ಯೂಮರ್ ಬೋರ್ಡಲ್ಲಿ (ಡಾಕ್ಟರುಗಳು ಕೂತು ಕೇಸ್ ಚರ್ಚೆ ಮಾಡೋ ಮೀಟಿಂಗ್) ಕ್ರಾಸ್ ಅನ್ನೋ ಟ್ರಯಲ್ ಹೇಳ್ತೀವಿ, ಕೀಮೋ ಜೊತೆ 41.4 ಗ್ರೇ ರೇಡಿಯೇಷನ್ ಕೊಟ್ಟು ಆಮೇಲೆ ಆಪರೇಷನ್ ಮಾಡಿದ್ರೆ ಮೀಡಿಯನ್ ಸರ್ವೈವಲ್, ಅಂದ್ರೆ ಅರ್ಧ ಜನ ಬದುಕಿರೋ ಅವಧಿ, 24 ತಿಂಗಳಿದ್ದದ್ದು 49 ಆಯ್ತು ಅಂತ. ಆ 49 ಅನ್ನೋ ನಂಬರ್ ಬಂದಿದ್ದು ಒಬ್ಬೊಬ್ಬ ಪೇಷಂಟ್ ಏನಾದ ಅಂತ ಅವರಿಗೆ ಗೊತ್ತಿದ್ದಕ್ಕೆ. ನಮಗೆ ನಮ್ಮ ಮೂರನೇ ತಿಂಗಳೇ ಗೊತ್ತಿಲ್ಲ.

ಮೊದಲ್ನೇ ಪ್ರಯತ್ನ, ಸ್ಟಾಂಪ್ ಹಚ್ಚಿದ ಪೋಸ್ಟ್ ಕಾರ್ಡು. ವಿಳಾಸ ಪ್ರಿಂಟ್ ಮಾಡ್ಸಿ, ತೂಕ ಊಟ ನೋವು ಅಂತ ಚೌಕಾಕಾರ ಹಾಕಿ, ಡಿಸ್ಚಾರ್ಜ್ ದಿನ ನಾಲ್ಕು ನಾಲ್ಕು ಕೈಗೆ ಕೊಟ್ವಿ. 7-8 ಸಾವಿರ ಹೋಯ್ತು. ವಾಪಸ್ ಬಂದಿದ್ದು ಮೂರೋ ನಾಲ್ಕೋ, ಅದ್ರಲ್ಲಿ ಒಂದರಲ್ಲಿ ಯಾರದೋ ಮೊಮ್ಮಗು ಬಸ್ಸಿನ ಚಿತ್ರ ಬರೆದಿತ್ತು, ಅದನ್ನ ಇಟ್ಕೊಂಡಿದೀನಿ. ಎರಡನೇದು, ಬಂದ್ರೆ 300 ರೂಪಾಯಿ ಬಸ್ ಚಾರ್ಜ್ ಕೊಡ್ತೀವಿ ಅಂತ. ಇದಕ್ಕೆ 20-22 ಸಾವಿರ ಖರ್ಚಾಯ್ತು, ಬಂದೋರು ಬಂದ್ರು, ಆದ್ರೆ ಬಂದಿದ್ದೆಲ್ಲ ಗಟ್ಟಿ ಇದ್ದೋರು, ಹಾಸಿಗೆ ಹಿಡಿದೋರು 300ಕ್ಕೆ ಏಳ್ತಾರಾ? ಡೇಟಾ ನೋಡಿದ್ರೆ ಎಲ್ಲರೂ ಸೂಪರ್. ಹಿಂಗಾದ್ರೆ ಡೇಟಾ ಇಲ್ದೆ ಇರೋದೇ ವಾಸಿ.

ಮೂರನೇದು ವಾಟ್ಸಾಪ್ ಗ್ರೂಪ್. ಇದನ್ನ ನೆನಸ್ಕೊಂಡ್ರೆ ಈಗ್ಲೂ ಬೇಜಾರು. ಎರಡು ತಿಂಗಳು ಚೆನ್ನಾಗಿ ನಡೀತು, ಒಬ್ರಿಗೊಬ್ರು ಗಂಜಿ ಫೋಟೋ, ಗುಡ್ ಮಾರ್ನಿಂಗು, ನಾಯಕನಹಟ್ಟಿ ತೇರಿನ ವಿಡಿಯೋ. ಆಮೇಲೆ ಗ್ರೂಪಲ್ಲಿದ್ದ ಒಬ್ರು ಹೋಗ್ಬಿಟ್ರು, ಮಗ ಅಲ್ಲೇ ಫೋಟೋಗೆ ಹಾರ ಹಾಕಿದ್ದನ್ನ ಹಾಕ್ದ. ಒಂದು ವಾರದಲ್ಲಿ ಹತ್ತು ಜನ ಎಕ್ಸಿಟ್. ಇನ್ನೊಬ್ರಿಗೆ ತಮ್ಮ ಕಾಯಿಲೆ ಏನು ಅಂತಾನೇ ಮನೆಯೋರು ಹೇಳಿರ್ಲಿಲ್ಲ, 'ಗಂಟಲ ಕೆಳಗೆ ಗಡ್ಡೆ' ಅಷ್ಟೇ ಅಂದಿದ್ರು, ಗ್ರೂಪ್ ನೋಡಿ ಗೊತ್ತಾಯ್ತು. ಅವರ ಹೆಂಡ್ತಿ ನನಗೆ ಫೋನ್ ಮಾಡಿ ಬೈದ್ರು, ಬೈಸ್ಕೊಂಡೆ. ಅವತ್ತೇ ಡಿಲೀಟ್ ಮಾಡಿ ಕನ್ಸೆಂಟ್ ಫಾರ್ಮ್ ಪೂರ್ತಿ ಹೊಸದಾಗಿ ಬರೆದು ಎಥಿಕ್ಸ್ ಕಮಿಟಿಗೆ ಮತ್ತೆ ಹಾಕ್ದೆ. ಕಾಯಿಲೆ ಹೆಸರು ಪೇಷಂಟ್‌ಗೆ ಗೊತ್ತಿಲ್ದೆ ಸ್ಟಡಿಗೆ ತಗೊಳಲ್ಲ ಅಂತ ನಿಂತ್ಕೊಂಡಿದ್ದು ಆವಾಗಿಂದ, ಅದ್ರಿಂದ ಐದಾರು ಜನ ಸ್ಟಡಿಗೆ ಸಿಗ್ಲಿಲ್ಲ, ಹೋಗ್ಲಿ.

ಕೊನೆಗೆ ಹತ್ತಿದ್ದು ಹಳೇ ಫೋನೇ, ಆದ್ರೆ ಟೈಮ್ ಬೇರೆ, ದನಿ ಬೇರೆ. ಮೊದ್ಲು ನಮ್ಮ ಪಿಜಿಗಳು (ಪಿಜಿ ಓದ್ತಿರೋ ಡಾಕ್ಟರುಗಳು) ಬೆಳಿಗ್ಗೆ ಹನ್ನೊಂದಕ್ಕೆ ಓಪಿಡಿ ಮಧ್ಯೆ ಮಾಡ್ತಿದ್ರು, ಆ ಹೊತ್ತಿಗೆ ಮನೇಲಿ ಯಾರಿರ್ತಾರೆ, ಎಲ್ಲಾ ಮೆಕ್ಕೆಜೋಳದ ಹೊಲದಲ್ಲಿ, ಫೋನು ಮನೇಲಿ ಚಾರ್ಜಿಗೆ. ನಮ್ಮ ವಾರ್ಡಿನ ಒಬ್ಬ ಸಿಸ್ಟರ್ ಜಗಳೂರು ಕಡೆಯೋರು, ಅವ್ರು "ಸಾರ್, ರಾತ್ರಿ ಎಂಟಕ್ಕೆ ಮಾಡ್ರಿ, ಉಣ್ಣಾಕ ಕುಂತಿರ್ತಾರೆ, ಏನ್ ಉಣ್ತಾರಂತ ಕೇಳೋದೂ ಬ್ಯಾಡ, ಕೇಳಿಸ್ತದೆ" ಅಂದ್ರು. ಅವರಿಗೇ ವಹಿಸಿದೆ. ಆಪರೇಷನ್‌ಗೆ ಮುಂಚೆನೇ ಬೆಡ್ ಹತ್ರ ಕೂತು ಅರ್ಧ ಗಂಟೆ ಮಾತಾಡಿ ಪರಿಚಯ ಮಾಡ್ಕೊಂಡಿರ್ತಾರೆ, ಒಂದು ವರ್ಷ ಪೂರ್ತಿ ಅದೇ ದನಿ. ಅವರ ಇನ್ನೊಂದು ರೂಲು, ಫೋನ್ ಎತ್ತಿದ ತಕ್ಷಣ "ಅಜ್ಜ ಹೆಂಗದಾರ" ಅಂತ ಕೇಳಂಗಿಲ್ಲ. ಮನೇಲಿ ಸಾವಾಗಿದ್ರೆ ಆ ಪ್ರಶ್ನೆ ಕೆಟ್ಟದಾಗಿ ಬಡಿಯುತ್ತೆ, ಫೋನ್ ಕಟ್ ಮಾಡ್ತಾರೆ, ಮತ್ತೆ ಎತ್ತಲ್ಲ. ಮೊದ್ಲು ಮಳೆ, ಆಮೇಲೆ ಮನೆ ಮಂದಿ, ಅಷ್ಟ್ರಲ್ಲಿ ಅವರಾಗೇ ಹೇಳ್ತಾರೆ. ತೀರ್ಕೊಂಡ ಸುದ್ದಿ ಬಂದ್ರೆ ಅವತ್ತು ಡೇಟ್ ಕೂಡ ಕೇಳಲ್ಲ, ಹದಿನೈದು ದಿನ ಬಿಟ್ಟು ಮಾಡ್ತಾರೆ.

ಒಬ್ಬೊಬ್ರಿಗೆ ಮೂರು ನಂಬರ್ ತಗೋತೀವಿ. ಮೊದ್ಲನೇದು ಮನೇದು, ಎರಡನೇದು ಬೆಂಗಳೂರಲ್ಲಿರೋ ಮಗಂದೋ ಅಳಿಯಂದೋ. ಮೂರನೇದು ಯಾರದ್ದು ಅಂತ ಮಾತ್ರ ಕೇಳ್ಬೇಡಿ, ಆ ತೆಗೆದ ಎರಡು ಪೇಜಲ್ಲಿ ಒಂದು ಅದೇ, ಪೇಪರ್ ಬರ್ಲಿ ಹೇಳ್ತೀನಿ. ಪೇಷಂಟ್ ಒಪ್ಪಿ ಸಹಿ ಹಾಕಿರ್ತಾರೆ, ಕಮಿಟಿಗೂ ಗೊತ್ತು, ಅಷ್ಟು ಸಾಕು.

ಇನ್ನು ಕ್ವಾಲಿಟಿ ಆಫ್ ಲೈಫ್, ಅಂದ್ರೆ ಬದುಕು ಹೆಂಗಿದೆ ಅಂತ ಕ್ಯಾನ್ಸರ್ ಪೇಷಂಟ್ಸ್‌ನ ಕೇಳೋ ಪ್ರಶ್ನೆ ಫಾರ್ಮುಗಳು. ಇಒಆರ್‌ಟಿಸಿ ಸಿ30, ಜೊತೆಗೆ ಅನ್ನನಾಳಕ್ಕೆ ಓಇಎಸ್18, ಜಠರಕ್ಕೆ ಎಸ್‌ಟಿಓ22. ಉತ್ತರ ನಾಲ್ಕೇ, ಇಲ್ವೇ ಇಲ್ಲ ಅನ್ನೋದ್ರಿಂದ ತುಂಬಾ ಅನ್ನೋವರೆಗೆ. ನಮ್ಮ ಜನ ನಾಲ್ಕೂ ಬಿಟ್ಟು ಐದನೇದು ಹೇಳ್ತಾರೆ: "ಪರ್ವಾಗಿಲ್ರೀ." ನುಂಗೋಕೆ ಕಷ್ಟನಾ? ಪರ್ವಾಗಿಲ್ಲ. ಎದೆ ಉರಿ? ಪರ್ವಾಗಿಲ್ಲ. ಬೇರೆಯೋರ ಎದುರು ಊಟ ಮಾಡೋಕೆ ಮುಜುಗರನಾ? ಅಯ್ಯೋ ಪರ್ವಾಗಿಲ್ ಬಿಡವ್ವ. ಮೊದಲ ಹತ್ತು ಫಾರ್ಮ್ ಕಸ. ಸಿ30ಲಿ ಕೊನೇ ಎರಡು ಪ್ರಶ್ನೆ 1ರಿಂದ 7ರಲ್ಲಿ ಎಷ್ಟು ಅಂತ ಇರುತ್ತಲ್ಲ, ಅದಕ್ಕಂತೂ "ದೇವರು ನಡೆಸಿದಂಗೆ" ಅಂತಾರೆ, ಅದಕ್ಕೆ ಎಷ್ಟು ಹಾಕೋದು?

ಸಿಸ್ಟರ್ ಒಂದಿನ ತಾವೇ ಕೇಳ್ಬಿಟ್ರು, "ಅಜ್ಜಾ ಈಗ ರೂಪಾಯಿಗೆ ಎಷ್ಟಾಣೆ ವಾಸಿ?" ಅಂತ. ಅಜ್ಜ ಥಟ್ಟಂತ "ಹತ್ತಾಣೆ, ನುಂಗೋದು ಎಂಟಾಣೆ" ಅಂದ. ನನಗೆ ನಗು ಬಂತು, ಆಮೇಲೆ ನೋಡಿದ್ರೆ ಎಲ್ಲರೂ ಹಂಗೇ ಹೇಳ್ತಾರೆ, 60 ದಾಟಿದೋರಂತೂ ಯೋಚನೇನೇ ಮಾಡಲ್ಲ. ಫಾರ್ಮಿನ ಮಾತು ಬದಲಾಯಿಸೋ ಹಂಗಿಲ್ಲ, ಪರೀಕ್ಷೆ ಮಾಡಿ ಒಪ್ಪಿರೋದು (ವ್ಯಾಲಿಡೇಟ್), ಹಂಗಾಗಿ ಫಾರ್ಮ್ ಇದ್ದಂಗೇ ಓದ್ತೀವಿ, 'ಪರ್ವಾಗಿಲ್ಲ' ಬಂದ್ರೆ ನಾಲ್ಕು ಉತ್ತರ ಮತ್ತೆ ಓದ್ತೀವಿ, ಮುಗಿದ್ಮೇಲೆ ಬೇರೆಯಾಗಿ ಆಣೆ ಕೇಳಿ ಪಕ್ಕದ ಕಾಲಮ್ಮಲ್ಲಿ ಬರೀತೀವಿ. ಸ್ಟಾಟಿಸ್ಟಿಷಿಯನ್ "ಇದೇನ್ ಸಾರ್ 16 ಪಾಯಿಂಟ್ ಸ್ಕೇಲು" ಅಂತ ನಕ್ಕಿದ್ದ. ಆರು ತಿಂಗಳ ಡೇಟಾಲಿ ಆಣೆನೂ ಆ 7ರ ಸ್ಕೋರೂ ಹೆಚ್ಚುಕಮ್ಮಿ ಜೊತೇಲೇ ಏರಿಳಿದಿದ್ದು ನೋಡಿ ಸುಮ್ನಾದ. 40ರ ಒಳಗಿನೋರಿಗೆ ಮಾತ್ರ ಇದು ನಡೆಯಲ್ಲ, ಅವರು ಪರ್ಸೆಂಟ್ ಹೇಳ್ತಾರೆ.

ತೂಕದ್ದು ದೊಡ್ಡ ತಲೆನೋವು. ಈ ಆಪರೇಷನ್ ಆದ್ಮೇಲೆ ಆರು ತಿಂಗಳಲ್ಲಿ ಹತ್ತು ಪರ್ಸೆಂಟ್‌ಗೂ ಮೇಲೆ ತೂಕ ಇಳಿಯೋದು ಎಲ್ಲಾ ಕಡೆ ಇರೋದೇ, ಆದ್ರೆ ಮನೇಲಿ ತೂಕದ ಮಷೀನ್ ಯಾರಿಗಿದೆ? ಆಶಾದೋರನ್ನ ಕೇಳೋಣ ಅಂದ್ರೆ ಅವರ ತಲೆ ಮೇಲೆ ಆಗ್ಲೇ ಹತ್ತು ರಿಜಿಸ್ಟರ್. ಆಗ ಹೊಳೆದದ್ದು ಸೊಸೈಟಿ ಅಂಗಡಿ. ತಿಂಗಳಿಗೊಂದ್ಸಲ ಅಕ್ಕಿಗೆ ಮನೆಯೋರು ಹೆಬ್ಬೆಟ್ಟು ಕೊಡೋಕೆ ಹೋಗ್ಲೇಬೇಕು, ಅಲ್ಲಿ ಮೂಟೆ ತೂಗೋ ಎಲೆಕ್ಟ್ರಾನಿಕ್ ತಕ್ಕಡಿ ಇದೆ, ಇಲಾಖೆ ಮುದ್ರೆ ಹಾಕಿರೋದು. ಮನುಷ್ಯ ಅದ್ರ ಮೇಲೆ ನಿಂತ್ಕೊಂಡ್ರೆ ಆಯ್ತು. ಸೀನಿಯರ್ "ಏನಪ್ಪಾ ರೇಷನ್ ಅಂಗಡಿ ರಿಸರ್ಚು" ಅಂತ ಹೆಸರಿಟ್ಟಿದ್ದು ಇದಕ್ಕೇ. ಕಮಿಟಿ ಕೇಳಿದ ಪ್ರಶ್ನೆ ಮಾತ್ರ ಸರಿಯಾಗಿತ್ತು, ಅಂಗಡಿಯವನಿಗೆ ಕಾಯಿಲೆ ಗೊತ್ತಾಗಲ್ವಾ ಅಂತ. ಹಂಗಾಗಿ ತೂಕ ಬರ್ಕೊಳೋ ಚೀಟಿ ಮೇಲೆ ಆಸ್ಪತ್ರೆ ಹೆಸರಿಲ್ಲ, ಕಾಯಿಲೆ ಹೆಸರಿಲ್ಲ, ತಿಂಗಳು ಮತ್ತೆ ತೂಕ ಎರಡೇ ಗೆರೆ, ಪೇಷಂಟೇ ಓದಿ ಫೋನಲ್ಲಿ ಹೇಳೋದು. ರೇಷನ್ ಕಾರ್ಡ್ ಇಲ್ದೋರು ಏಳೆಂಟು ಜನ, ಅವರು ಅಡಿಕೆ ವ್ಯಾಪಾರಿ ಹತ್ರನೋ ಗೊಬ್ಬರದ ಅಂಗಡೀಲೋ ನಿಂತು ನೋಡ್ಕೊಂಡ್ರು. ಎಲ್ಲಾದ್ರೂ ಸರಿ, ಪ್ರತಿಸಲ ಅದೇ ತಕ್ಕಡಿ, ಚಪ್ಪಲಿ ಬಿಚ್ಚಿ.

ಚಳಿಗಾಲದಲ್ಲಿ ಕಂಬಳಿ ಹೊದ್ದು ನಿಂತು ಎರಡು ಕೆಜಿ ಜಾಸ್ತಿ ಬಂದಿದ್ದೂ ಇದೆ. ಹೊಳಲ್ಕೆರೆ ಕಡೆಯ ಒಬ್ರು ಒಂದೇ ತಿಂಗಳಲ್ಲಿ ಮೂರೂವರೆ ಕೆಜಿ ಏರಿದ್ರು, ನಾನು ಖುಷಿಯಾಗಿ ಪಿಜಿಗೆ ತೋರ್ಸಿದೆ, ಸಿಸ್ಟರ್‌ಗೆ ಮಾತ್ರ ಅನುಮಾನ, ಮತ್ತೆ ಫೋನ್ ಮಾಡಿ "ಕಾಲ್ ಮೇಲೆ ಬೆರಳು ಒತ್ತಿ ನೋಡ್ರಿ, ಗುಳಿ ಬೀಳ್ತದಾ" ಅಂದ್ರು. ಬಿತ್ತು. ಏರಿದ್ದು ಮೈಯಲ್ಲಿ ತುಂಬಿದ ನೀರು, ಕರೆಸಿ ನೋಡಿದ್ರೆ ಅಲ್ಬುಮಿನ್ (ರಕ್ತದ ಪ್ರೋಟೀನ್) ತೀರಾ ಕಮ್ಮಿ, 2ರ ಹತ್ರ ಇತ್ತು. ಅವತ್ತಿಂದ ತೂಕ ಏರಿದ್ರೂ ಅಲಾರಂ, ಇಳಿದ್ರೂ ಅಲಾರಂ.

ಮಧ್ಯೆ ಒಂದು ಸೈಡ್ ಪ್ರಯೋಗ. ಜೆಜುನಾಸ್ಟಮಿ ಟ್ಯೂಬ್ (ಹೊಟ್ಟೆ ಮೇಲಿಂದ ಸಣ್ಣ ಕರುಳಿಗೆ ಊಟ ಬಿಡೋ ನಳಿಗೆ) ಇಟ್ಟು ಮನೆಗೆ ಕಳಿಸ್ತೀವಲ್ಲ, ಡಬ್ಬಿ ಪೌಡರ್ 600-700 ರೂಪಾಯಿ, ವಾರಕ್ಕೆ ಎರಡು ಮೂರು ಬೇಕು, ಎರಡನೇ ವಾರಕ್ಕೆ ಎಲ್ಲರೂ ರಾಗಿ ಗಂಜಿಗೇ ಬರ್ತಾರೆ. ಗಂಜಿ ಗಟ್ಟಿ ಆದ್ರೆ ಟ್ಯೂಬ್ ಕಟ್ಕೊಳುತ್ತೆ, ತೆಳು ಮಾಡಿದ್ರೆ ಬರೀ ನೀರು. ರಾಗಿ ಮೊಳಕೆ ಕಟ್ಟಿ ಒಣಗಿಸಿ ಬೀಸಿದ ಹಿಟ್ಟು ಹಾಕಿದ್ರೆ ಮೊಳಕೇಲಿರೋ ಅಮೈಲೇಸ್ ಪಿಷ್ಟನ ಒಡೆಯುತ್ತೆ, ಅಷ್ಟೇ ಹಿಟ್ಟಿಗೆ ಗಂಜಿ ನೀರಾಗಿ ನಿಲ್ಲುತ್ತೆ. ವಾರ್ಡ್ ಕಿಚನಲ್ಲಿ ಮಾಡಿ 14 ಸೈಜ್ ಟ್ಯೂಬಲ್ಲಿ ಇಳಿಸಿ ನೋಡಿದ್ವಿ, ಎರಡು ಸಲ ಬಟ್ಟೇಲಿ ಸೋಸಿ, ಮುಂಚೆ ಒಂದ್ಸಲ ಆಮೇಲೆ ಒಂದ್ಸಲ ಬಿಸಿನೀರು ಬಿಟ್ರೆ ಆರಾಮಾಗಿ ಹೋಗುತ್ತೆ. ಪ್ರೋಟೀನ್ ಸಾಲಲ್ಲ, ಅದಕ್ಕೆ ಏನ್ ಸೇರಿಸ್ತೀವಿ ಅನ್ನೋದು ಎರಡನೇ ಪೇಜು. ಟ್ಯೂಬ್ ಬ್ಲಾಕ್ ಅಂತ ಮೊದ್ಲು ತಿಂಗಳಿಗೆ ನಾಲ್ಕೈದು ಜನ ಓಡಿ ಬರ್ತಿದ್ರು, ಈಗ ಒಬ್ರು. ಮೆಣಸಿನಕಾಯಿ ಬಜ್ಜಿ ಮಂಡಕ್ಕಿ ಮಿಕ್ಸೀಲಿ ಹಾಕಿ ಟ್ಯೂಬಿಗೆ ಬಿಟ್ಟ ಒಬ್ಬ ಯಜಮಾನ್ರನ್ನ ಲೆಕ್ಕಕ್ಕೆ ಹಿಡೀಬೇಡಿ.

ಫೋನಿಂದ ಸಿಕ್ಕಿದ್ದು ಬರೀ ಡೇಟಾ ಅಲ್ಲ. "ಮುದ್ದೆ ಇಳಿಯಲ್ಲ, ಬೆಣ್ಣೆ ದೋಸೆ ಅರ್ಧಕ್ಕೇ ನಿಲ್ಲುತ್ತೆ" ಅಂದ ಏಳೆಂಟು ಜನರನ್ನ ಕರೆಸಿದ್ರೆ ಆಪರೇಷನಲ್ಲಿ ಜೋಡಿಸಿದ ಜಾಗ ಕಿರಿದಾಗಿತ್ತು, ಎರಡು ಮೂರು ಸಲ ಹಿಗ್ಗಿಸಿದ್ವಿ (ಡೈಲೇಟ್), ಮತ್ತೆ ಮುದ್ದೆಗೆ ಬಂದ್ರು. ಮುಂಚೆ ಇವರೆಲ್ಲ 'ಆಪರೇಷನ್ ಆದ್ಮೇಲೆ ಇಷ್ಟೇ' ಅನ್ಕೊಂಡು ಒಣಗಿ ಹೋಗ್ತಿದ್ರು. ಯುಗಾದಿ ರಾತ್ರಿ ಅಂತೂ ಸಾಲಾಗಿ ಮೂರು ಫೋನು, ಹೋಳಿಗೆ ತಿಂದು ಎರಡು ಗಂಟೆ ಆದ್ಮೇಲೆ ಬೆವರು, ನಡುಕ, ಕಣ್ಣು ಕತ್ತಲೆ. ಲೇಟ್ ಡಂಪಿಂಗು, ಅಂದ್ರೆ ಸಿಹಿ ಬೇಗ ಕರುಳಿಗಿಳಿದು ಆಮೇಲೆ ರಕ್ತದ ಸಕ್ಕರೆ ಕುಸಿಯೋದು. ಮನೆಯೋರು ಹಾರ್ಟ್ ಅಟ್ಯಾಕ್ ಅಂತ ಕಾರ್ ತೆಗೆದಿದ್ರು. ಈಗ ಹಬ್ಬದ ಹಿಂದಿನ ದಿನಾನೇ ಸಿಸ್ಟರ್ ಫೋನ್ ಮಾಡಿ ಹೋಳಿಗೆ ಕಾಲು ಭಾಗ, ಊಟದ ಜೊತೆ ನೀರು ಬೇಡ ಅಂತ ಹೇಳ್ತಾರೆ. ಜಠರ ಪೂರ್ತಿ ತೆಗೆದೋರ ಬಿ12 ಇಂಜೆಕ್ಷನ್ ಡೇಟೂ ಅದೇ ಪುಸ್ತಕದಲ್ಲಿ.

90 ದಿನದ್ದು ಎಷ್ಟು ಅಂತ ಕೇಳ್ತೀರಿ. 46ರಲ್ಲಿ 4. ಸೊನ್ನೆ ಅಲ್ಲ. ಆ ನಾಲ್ಕರಲ್ಲಿ ಮೂರು ಡಿಸ್ಚಾರ್ಜ್ ಆದ್ಮೇಲೆ, ಇಬ್ರು ಬೇರೆ ನರ್ಸಿಂಗ್ ಹೋಂಗೆ ನ್ಯುಮೋನಿಯಾ ಅಂತ ಹೋಗಿದ್ರು, ಫೋನ್ ಇಲ್ದಿದ್ರೆ ನನಗೆ ಗೊತ್ತೇ ಆಗ್ತಿರ್ಲಿಲ್ಲ.

ದುಡ್ಡಿಂದು ಹೇಳ್ತೀನಿ, ಎಲ್ಲರೂ ಅದನ್ನೇ ಕೇಳೋದು. ಎರಡು ವರ್ಷಕ್ಕೆ ಒಂದೂವರೆ ಲಕ್ಷದ ಹತ್ರ, ಪೂರ್ತಿ ಕೈಯಿಂದ. ಸಿಸ್ಟರ್‌ಗೆ ತಿಂಗಳಿಗೆ ಮೂರು ಸಾವಿರ, ಅದೇ 70 ಚಿಲ್ರೆ ಆಯ್ತು, ಒಂದು ಸಿಮ್ಮು, ಸ್ಟಾಟಿಸ್ಟಿಷಿಯನ್‌ಗೆ 15, ಮಣ್ಣುಪಾಲಾದ ಕಾರ್ಡು ಮತ್ತೆ ಬಸ್ ಚಾರ್ಜು 30ರ ಹತ್ರ, ಉಳಿದದ್ದು ಭಾನುವಾರ ಊರೂರು ಸುತ್ತಿದ ಪೆಟ್ರೋಲು. ಒಂದು ಕಡೆ ಗ್ರಾಂಟಿಗೆ ಹಾಕಿದ್ದೆ, 'ಇನ್ನೋವೇಷನ್ ಇಲ್ಲ' ಅಂತ ವಾಪಸ್ ಬಂತು. ಸಿಟಿಆರ್‌ಐ (ಸ್ಟಡಿಗಳನ್ನ ನೋಂದಾಯಿಸೋ ದೇಶದ ರಿಜಿಸ್ಟ್ರಿ) ರಿಜಿಸ್ಟ್ರೇಷನ್ ಪುಣ್ಯಕ್ಕೆ ಫ್ರೀ, ಮೊದಲ್ನೇ ಪೇಷಂಟ್‌ಗಿಂತ ಮುಂಚೆ ಮಾಡ್ಕೊಳಿ ಅಷ್ಟೆ, ಆಮೇಲೆ ಹೋದ್ರೆ ತಗೊಳಲ್ಲ.

ಸಿಗದ ಮೂವರಲ್ಲಿ ಇಬ್ರದ್ದು ಮೂರೂ ನಂಬರ್ ಸತ್ತಿದೆ. ಮೂರನೆಯವ್ರು ಚನ್ನಗಿರಿ ಕಡೆ ಮಗಳ ಮನೇಲಿದಾರೆ, ಅಡಿಕೆ ಸುಲಿಯೋ ಮನೆ ಪಕ್ಕ ಅಂತ ಮೊನ್ನೆ ಒಬ್ರು ಹೇಳಿದ್ರು, ಚನ್ನಗಿರೀಲಿ ಅಡಿಕೆ ಸುಲಿಯದ ಮನೆ ಯಾವ್ದಿದೆ ಅಂತ ಸಿಸ್ಟರ್ ನಗ್ತಿದಾರೆ. ಡೇಟಾ ಲಾಕ್ ಆಗಿದೆ, ಸಿಕ್ರೂ ಲೆಕ್ಕಕ್ಕೆ ಬರಲ್ಲ. ಭಾನುವಾರ ಇಬ್ರೂ ಹೋಗ್ತಿದೀವಿ.