ಹದಿನೈದು ಇಂಚಿನ ಸಬ್‌ವೂಫರ್‌ಗೆ ಮರದ ಪೆಟ್ಟಿಗೆ

ನಮ್ಮ ಮನೆಯ ಹಿಂದಿನ ಶೆಡ್ಡಿನಲ್ಲಿ ಮಳೆಗಾಲದ ತೇವ ಹೆಚ್ಚು. ಎಂಡಿಎಫ್ (ಮರದ ನಾರನ್ನು ಒತ್ತಿ ಮಾಡಿದ ಹಲಗೆ) ಊದಿಕೊಳ್ಳುವುದನ್ನು ಕಣ್ಣಾರೆ ಕಂಡಿರುವ ನಾನು ಸಬ್‌ವೂಫರ್ (ತಗ್ಗಿನ ಬೇಸ್ ಸದ್ದಿಗಾಗಿ ಇರುವ ದೊಡ್ಡ ಸ್ಪೀಕರ್) ಪೆಟ್ಟಿಗೆಗೆ 18 ಮಿ.ಮೀ. ವಾಟರ್‌ಪ್ರೂಫ್ ಪ್ಲೈವುಡ್ಡನ್ನೇ ಬಳಸುತ್ತೇನೆ. 8x4 ಅಡಿಯ ಒಂದು ಹಾಳೆ ಸಾಕು.

ಮೇಲಿನ, ಕೆಳಗಿನ ಹಲಗೆಗಳು 500x500 ಮಿ.ಮೀ.; ಪಕ್ಕದವು 500x464; ಹಿಂದಿನದು 464x464. ಮುಂದಕ್ಕೂ ಇದೇ ಅಳತೆಯ ಎರಡು ಹಲಗೆಗಳನ್ನು ಅಂಟಿಸಿ ದಪ್ಪ ಮಾಡಿ; ಭಾರವಾದ ಸ್ಪೀಕರ್ ಅಲ್ಲಿಯೇ ಕೂರಬೇಕು. ಒಳಗೆ ಸುಮಾರು 96 ಲೀಟರ್ ಜಾಗ ಸಿಗುತ್ತದೆ. ನಿಮ್ಮ ಸ್ಪೀಕರ್ ತಯಾರಕರು ಬೇರೆ ಅಳತೆ ಹೇಳಿದ್ದರೆ ಅದನ್ನೇ ಪಾಲಿಸಿ.

ಅಂಟು ಒಣಗುವ ಮೊದಲು ಎರಡೂ ಕರ್ಣಗಳನ್ನು ಅಳೆಯಿರಿ. ಅವು ಸಮವಾಗಿದ್ದರೆ ಮಾತ್ರ ಸ್ಕ್ರೂ ಬಿಗಿಯಿರಿ. ಎದುರುಬದುರು ಹಲಗೆಗಳ ನಡುವೆ ಅಡ್ಡಪಟ್ಟಿ ಕೊಡುವುದನ್ನು ಮರೆಯಬೇಡಿ. ಅದಿಲ್ಲದಿದ್ದರೆ ಸಂಗೀತದೊಂದಿಗೆ ಪೆಟ್ಟಿಗೆಯೂ ಗುಂಯ್‌ಗುಡುತ್ತದೆ.

ಗಾಳಿ ಸೋರುವುದೇ ದೊಡ್ಡ ಶತ್ರು. ಒಳಗಿನ ಸಂದುಗಳಿಗೆಲ್ಲ ಸಿಲಿಕೋನ್ (ಸಂದು ಮುಚ್ಚುವ ರಬ್ಬರಿನಂಥ ಅಂಟು) ಹಚ್ಚಿ, ಒಂದು ದಿನ ಪೂರ್ತಿ ಒಣಗಲು ಬಿಡಿ. ಸ್ಪೀಕರ್ ಕೂರಿಸಿದ ಮೇಲೆ ಅದರ ಕೋನ್ ಅನ್ನು (ಮುಂದೆ ಕಾಣುವ, ಅದುರುವ ಬಟ್ಟಲಿನಂಥ ಭಾಗ) ಬೆರಳುಗಳಿಂದ ಮೆಲ್ಲಗೆ ಒಳಕ್ಕೆ ಒತ್ತಿ. ಇನ್ನೊಬ್ಬರು ಸಂದುಗಳ ಬಳಿ ಊದುಬತ್ತಿ ಹಿಡಿಯಲಿ. ಹೊಗೆ ಅಲುಗಿದಲ್ಲಿ ಪೆನ್ಸಿಲ್ ಗುರುತು ಹಾಕಿ, ಮತ್ತೆ ಸಿಲಿಕೋನ್ ತುಂಬಿ.