ಕಿವಿಗೆ ಬಿದ್ದಿತ್ತು, ತಲೆಯಲ್ಲಿ ನಿಂತಿರಲಿಲ್ಲ

ನಾನು ಸ್ಪೀಚ್ ಥೆರಪಿಸ್ಟ್. ಐದೂವರೆ ವರ್ಷದ ಒಬ್ಬ ಹುಡುಗನ ಫೈಲಿನಲ್ಲಿ "ಮಾತಿನ ರಾಗ ಗೊತ್ತಾಗುವುದಿಲ್ಲ" ಅಂತ ಬರೆದಿದ್ದೆ. ಶ್ರವಣ ಪರೀಕ್ಷೆ ಸರಿಯಾಗೇ ಇತ್ತು. ನಾನು ಮಾಡಿದ್ದು ಇಷ್ಟು: "ನಾಳೆ ಬೆಳಿಗ್ಗೆ ಅಜ್ಜಿ ಊರಿಂದ ಬಸ್ಸಲ್ಲಿ ಬರ್ತಾರೆ" ಅನ್ನುವುದನ್ನು ಒಮ್ಮೆ ಸುದ್ದಿ ಹೇಳುವ ಹಾಗೆ, ಇನ್ನೊಮ್ಮೆ ನಂಬದೆ ಕೇಳುವ ಹಾಗೆ ಹೇಳಿ, ಎರಡೂ ಒಂದೇನಾ ಬೇರೆನಾ ಅಂತ ಕೇಳಿದೆ. ಅವನದು ಪ್ರತಿ ಸಲವೂ "ಒಂದೇ".

ಆಮೇಲೆ ಹೊರಗೆ ಕೂತಿದ್ದಾಗ ಅವನು ಮೂರನೇ ಬಿಸ್ಕತ್ತಿಗೆ ಕೈ ಹಾಕಿದ. ಅವನಮ್ಮ ಫೋನಿನಿಂದ ತಲೆ ಎತ್ತದೆ "ಹೂಂ?" ಅಂದರು. ಕೈ ಹಿಂದೆ ಹೋಯಿತು. ಆ "ಹೂಂ?" ಒಪ್ಪಿಗೆಯದಲ್ಲ ಅಂತ ಅವನಿಗೆ ಚೆನ್ನಾಗಿ ಗೊತ್ತಿತ್ತು!

ತಪ್ಪು ನನ್ನ ಪರೀಕ್ಷೆಯಲ್ಲೇ ಇತ್ತು. ಎರಡು ವಾಕ್ಯ ಹೋಲಿಸಬೇಕಾದರೆ ಮೊದಲನೆಯದು ತಲೆಯಲ್ಲಿ ನಿಂತಿರಬೇಕು. ಕೇಳಿದ್ದನ್ನು ಸ್ವಲ್ಪ ಹೊತ್ತು ಹಿಡಿದಿಡುವ ಈ ಜಾಗದ ಬಗ್ಗೆ ಮನೋವಿಜ್ಞಾನಿಗಳಾದ ಬ್ಯಾಡ್ಲಿ ಮತ್ತು ಹಿಚ್ 1974ರಲ್ಲೇ ಬರೆದಿದ್ದಾರೆ. ಒಳಗೊಳಗೇ ಮತ್ತೆ ಹೇಳಿಕೊಳ್ಳದಿದ್ದರೆ ಅದು ಸುಮಾರು ಎರಡು ಸೆಕೆಂಡಲ್ಲಿ ಮಸುಕಾಗುತ್ತದೆ. ದೊಡ್ಡವರು ಹೇಳಿಕೊಳ್ಳುತ್ತೇವೆ, ಸಣ್ಣ ಮಕ್ಕಳಿಗೆ ಅದು ಅಷ್ಟಾಗಿ ಬರುವುದಿಲ್ಲ. ಓದಿದ್ದೆಲ್ಲ ಗೊತ್ತಿತ್ತು, ಕೆಲಸದ ಹೊತ್ತಿಗೆ ನೆನಪಾಗಲಿಲ್ಲ.

ಮುಂದಿನ ವಾರ ಬರೀ "ಬಂದ್ರು" ಮತ್ತು "ಬಂದ್ರು?" ಇಟ್ಟುಕೊಂಡೆ. ಹತ್ತಕ್ಕೆ ಒಂಬತ್ತು ಸರಿ. "ಅಜ್ಜಿ ಬಂದ್ರು", ಸರಿ. ನಾಲ್ಕು ಪದ ಆಗುತ್ತಿದ್ದಂತೆ ಮತ್ತೆ "ಒಂದೇ". ಆಗ ಮೊದಲ ವಾಕ್ಯ ಮುಗಿದ ಕೂಡಲೇ ಪದ ಬಿಟ್ಟು ರಾಗ ಮಾತ್ರ ಗುನುಗಲು ಹೇಳಿದೆ. "ಮ್‌ಮ್‌ಮ್‌ಮ್" ಅನ್ನುತ್ತಾ ಬೆರಳನ್ನು ಮೇಜಿನ ಮೇಲೆ ಎಳೆದ. ಕೊನೆಯಲ್ಲಿ ಬೆರಳು ಕೆಳಗೆ ಇಳಿಯಿತು. ಎರಡನೆಯದಕ್ಕೆ ಮೇಲೆ ಹೋಯಿತು. ನನ್ನ ಮುಖ ನೋಡಿ, "ಬೇರೆ" ಅಂದ. ಚಿತ್ರದ ಕಾರ್ಡುಗಳನ್ನೂ ತಂದಿದ್ದೆ, ಅವು ಸುಮ್ನೆ ಅಡ್ಡ ಬಂದವು. ಎತ್ತಿಟ್ಟೆ.

ಲಯಕ್ಕೆ ಎರಡರ ಮಗ್ಗಿ ಹಿಡಿದೆ. ಅದು ಅವನಿಗೆ ಬಾಯಿಪಾಠ. ನಾನು ಬೇಕಂತಲೇ "ಎರಡು ಮೂರ್ಲೆ" ಅಂದು ಒಂದು ತಾಳ ತಡವಾಗಿ "ಆರು" ಅಂದರೆ ಸಾಕು, ಕಿಸಕ್ಕಂತ ನಗುತ್ತಿದ್ದ. ಗೊತ್ತಿಲ್ಲದ ಸಾಲಿನಲ್ಲಿ ಅದೇ ಅಂತರ ಬಿಟ್ಟರೆ ಅವನಿಗೆ ಏನೂ ಅನ್ನಿಸಲಿಲ್ಲ. ಉರು ಹೊಡೆಸುವುದನ್ನು ನಾನೂ ಬೈದವಳೇ. ಆದರೆ ಲಯ ಮೊದಲೇ ಮನಸ್ಸಿನಲ್ಲಿದ್ದರೆ ಅದು ತಪ್ಪಿದ್ದು ಥಟ್ಟನೆ ಕೇಳಿಸುತ್ತದೆ.

ಈ ನೆನಪು ಎಷ್ಟು ಬೇಗ ಶುರುವಾಗುತ್ತದೆ ಅನ್ನುವುದಕ್ಕೆ 1986ರಲ್ಲಿ ಡಿಕ್ಯಾಸ್ಪರ್ ಮತ್ತು ಸ್ಪೆನ್ಸ್ ಅನ್ನುವ ಸಂಶೋಧಕರು ಮಾಡಿದ ಪ್ರಯೋಗ ಇದೆ. ಬಸುರಿಯರು ಕೊನೆಯ ಆರು ವಾರ ದಿನಕ್ಕೆ ಎರಡು ಸಲ ಒಂದು ಕತೆ ಗಟ್ಟಿಯಾಗಿ ಓದಿದರು. ಹುಟ್ಟಿದ ಮಕ್ಕಳು ಹೊಸ ಕತೆಗಿಂತ ಅದನ್ನೇ ಕೇಳಲು ಬಯಸಿದವು, ಓದಿದವರು ಬೇರೆ ಹೆಂಗಸಾದರೂ. ಪದ ಅರ್ಥವಾಗುವ ವಯಸ್ಸಾ ಅದು?

ಹಾಗಾಗಿ ಅಭ್ಯಾಸಕ್ಕೆ ಹೊಸ ವಾಕ್ಯ ಬಿಟ್ಟೆ. ಅವನಮ್ಮ ದಿನಾ ಹೇಳುವ "ಚಪ್ಪಲಿ ಹಾಕ್ಕೋ, ಬಸ್ಸು ಬಂತು" ಅನ್ನುವುದನ್ನೇ ಅವಸರದಲ್ಲಿ, ಮುದ್ದಿನಲ್ಲಿ, ಸಿಟ್ಟಿನಲ್ಲಿ ಹೇಳಿಸಿದೆ. ಪದ ಹಿಡಿದಿಡುವ ಕೆಲಸ ಇಲ್ಲದ್ದರಿಂದ ಗಮನವೆಲ್ಲ ರಾಗದ ಮೇಲೆ ಹೋಯಿತು. ಎರಡು ತಿಂಗಳಿಗೆ ಆರು ಪದದ ಹೊಸ ವಾಕ್ಯಕ್ಕೂ ಬಂದ. ಗುನುಗದೆ ಮಾತ್ರ ಈಗಲೂ ಆಗುವುದಿಲ್ಲ. "ಸ್ಕೂಲಲ್ಲೂ ಗುನುಗ್ತಾನೆ ಮೇಡಂ" ಅಂತ ಅವನಮ್ಮ ಅಂದರು. ಗುನುಗಲಿ ಬಿಡಿ ಅಂದು, ಫೈಲಿನ ಆ ಸಾಲಿನ ಮೇಲೆ ಗೀಟು ಎಳೆದೆ.